ದಿನಕ್ಕೆ 700 ಎಂಎಲ್: ನನ್ನ ಅನುಭವ

ತಿಪಟೂರು ಸೀಮೆಲಿ ಹುಟ್ಟಿ, ಮೂರು ಎಕರೆ ತೆಂಗಿನ ತೋಟ ಇಟ್ಕೊಂಡು, ಒಂದು ಎಳನೀರು ಕುಡಿಯೋ ಹಂಗಿಲ್ಲ ಅಂದ್ರೆ ಹೆಂಗಿರುತ್ತೆ ಹೇಳಿ. ನಾನು ಎಳನೀರು ಬಾಯಿಗಿಟ್ಟು ಎಂಟು ವರ್ಷ ಆಯ್ತು. ಎರಡೂ ಕಿಡ್ನಿ ಹೋಗಿದೆ, ವಾರಕ್ಕೆ ಮೂರು ದಿನ ಡಯಾಲಿಸಿಸ್, ಅಂದ್ರೆ ಮೆಷಿನ್‌ನಲ್ಲಿ ರಕ್ತ ಸೋಸೋದು, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಎಳನೀರಲ್ಲಿ ಪೊಟ್ಯಾಷಿಯಂ ಜಾಸ್ತಿ, ನಿಮ್ಮ ಕಿಡ್ನಿ ಅದನ್ನ ಹೊರಗೆ ಹಾಕುತ್ತೆ, ನನ್ನದು ಹಾಕಲ್ಲ, ರಕ್ತದಲ್ಲೇ ಉಳಿದು ಹೃದಯದ ಬಡಿತಾನೇ ನಿಲ್ಲಿಸಿಬಿಡಬಹುದು. ಊರಿಗೆಲ್ಲ ಕಲ್ಪವೃಕ್ಷ, ನನಗೆ ಮಾತ್ರ ಹಿಂಗೆ.

ದೇವರು, ನಂಬಿಕೆ, ಬದುಕಿಗೊಂದು ಅರ್ಥ ಅಂತ ಜನ ಮಾತಾಡೋದು ಕೇಳಿದಾಗೆಲ್ಲ ನನಗೆ ಮೊದಲು ಸಿಟ್ಟೇ ಬರ್ತಿತ್ತು. ಆಸ್ಪತ್ರೆಗೆ ನೋಡೋಕೆ ಬಂದೋರು ಮೋಸಂಬಿ ಚೀಲ ಇಟ್ಟು (ಅದನ್ನೂ ತಿನ್ನೋ ಹಂಗಿಲ್ಲ) "ಆಗೋದೆಲ್ಲ ಒಳ್ಳೇದಕ್ಕೇ ಕಣಯ್ಯ" ಅಂತ ಹೇಳಿ ಹೋಗೋರು. ಏನ್ ಒಳ್ಳೇದು ಗುರುವೇ? ಆದ್ರೂ ಇವತ್ತು ಇದನ್ನ ಬರೀತಿದೀನಿ ಅಂದ್ರೆ ನನಗೂ ಏನೋ ಸಿಕ್ಕಿದೆ, ಅದು ಹೆಂಗೆ ಸಿಕ್ತು ಅಂತ ಇದ್ದದ್ದು ಇದ್ದಂಗೆ ಹೇಳ್ತೀನಿ.

2017ರ ಮಳೆಗಾಲ, ನನಗೆ 38 ವರ್ಷ. ಕೊಬ್ಬರಿ ಚೀಲ ಹೊತ್ತು ಹೊತ್ತು ಸೊಂಟ ಹಿಡ್ಕೊಂಡಿತ್ತು, ಮೆಡಿಕಲ್ ಶಾಪಲ್ಲಿ ಕೇಳಿ ನೋವಿನ ಮಾತ್ರೆ ನುಂಗೋದು, ಅದು ವರ್ಷಗಟ್ಟಲೆ ನಡೀತು. ಬಿಪಿ ಇತ್ತಂತೆ, ಗೊತ್ತೇ ಇರ್ಲಿಲ್ಲ, ಚೆಕ್ ಮಾಡ್ಸಿದ್ರೆ ತಾನೇ ಗೊತ್ತಾಗೋದು. ಕಾಲು ಊದ್ಕೊಳ್ತು, ಊಟ ಕಂಡ್ರೆ ವಾಕರಿಕೆ, ಬಾಯಲ್ಲಿ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದಂಗೆ ರುಚಿ. ತುಮಕೂರಲ್ಲಿ ಟೆಸ್ಟ್ ಮಾಡಿದ್ರೆ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗೆ ಹಾಕ್ಬೇಕಾದ ರಕ್ತದ ಕಸ) 11.8, ಒಂದರ ಆಸುಪಾಸು ಇರ್ಬೇಕಾದ್ದು. ಅವತ್ತೇ ರಾತ್ರಿ ಕುತ್ತಿಗೆಗೆ ಪೈಪ್ ಹಾಕಿ ಮೆಷಿನ್ ಮೇಲೆ ಹಾಕಿದ್ರು. ನಾಲ್ಕೈದು ಸಲ ಡಯಾಲಿಸಿಸ್ ಆದ್ರೆ ಕಿಡ್ನಿ ಮತ್ತೆ ಶುರುವಾಗುತ್ತೆ ಅಂತ ನಾನು ಅಂದ್ಕೊಂಡಿದ್ದೆ. ಹಂಗಲ್ಲ ಅಂತ ಡಾಕ್ಟ್ರು ಹೇಳಿದ್ದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರ್ಲಿಲ್ಲ.

ತಲೆಗೆ ಹೋಗದೇ ಇದ್ದಿದ್ದಕ್ಕೇ ಮುಂದಿನ ತಪ್ಪು ಆಗಿದ್ದು. ನೆಂಟರೊಬ್ಬರು ನಾಟಿ ಔಷಧಿ ಕೊಡೋರ ಹತ್ರ ಕರ್ಕೊಂಡು ಹೋದ್ರು, ಊರು ಹೆಸರು ಬೇಡ. ಅಲ್ಲಿ ಜನ ಸಾಲುಗಟ್ಟಿ ಕೂತಿದ್ರು, ಅದನ್ನ ನೋಡೇ ನನಗೆ ಅರ್ಧ ವಾಸಿ ಆದಂಗಾಯ್ತು. "ಮೆಷಿನ್ ಬಿಟ್ರೆ ಮಾತ್ರ ನನ್ನ ಔಷಧಿ ಹಿಡಿಯೋದು" ಅಂದ ಆ ಮನುಷ್ಯ. 18 ಸಾವಿರ ಕೊಟ್ಟು ಕಷಾಯ ತಂದ್ವಿ. ನಮ್ಮ ಮನೆಯವಳು ಬೇಡ ಅಂದ್ಲು, "ರೀ, ಡಾಕ್ಟ್ರನ್ನ ಒಂದ್ಮಾತು ಕೇಳಿ" ಅಂತ ಗೋಗರೆದ್ಲು, ಅವಳ ಮೇಲೇ ರೇಗಿದೆ, ನಿನಗೆ ನಾನು ವಾಸಿ ಆಗೋದು ಇಷ್ಟ ಇಲ್ವಾ ಅಂತ. ಆ ಮಾತು ಆಡಬಾರ್ದಿತ್ತು. ಹತ್ತು ದಿನ ಡಯಾಲಿಸಿಸ್‌ಗೆ ಹೋಗ್ಲಿಲ್ಲ, ಮೇಲಿಂದ ದಿನಾ ಎರಡು ಲೋಟ ಕಷಾಯ. ಹತ್ತನೇ ರಾತ್ರಿ ಮಲಗಿದ್ರೆ ಉಸಿರಿಲ್ಲ, ಎದ್ದು ಕೂತ್ರೆ ಸ್ವಲ್ಪ ಬರುತ್ತೆ, ಎದೆಯೊಳಗೆ ಗೊರಗೊರ ನೀರಿನ ಸದ್ದು, ಕಿಟಕಿ ಸರಳು ಹಿಡ್ಕೊಂಡು ಬೆಳಗಾಗ್ಲಿ ಅಂತ ಕಾಯ್ತಿದ್ದೆ, ಅವಳು 108ಕ್ಕೆ ಫೋನ್ ಮಾಡಿ ಬಾಗಿಲಲ್ಲಿ ಲೈಟ್ ಹಾಕ್ಕೊಂಡು ನಿಂತಿದ್ಲು. ಶ್ವಾಸಕೋಶಕ್ಕೆ ನೀರು ತುಂಬಿತ್ತು. ಬೆಳಗ್ಗೆ ಮೆಷಿನ್ ಮೇಲೆ ಮೂರೂವರೆ ಲೀಟರ್ ತೆಗೆದ್ರು, ಆಮೇಲೆ ಅಡ್ಡ ಮಲಗೋಕೆ ಆಯ್ತು.

ಆ ಔಷಧಿಯವನನ್ನ ನಾನು ನಂಬಿದ್ದೆ ಅಂತ ಎಲ್ಲರೂ ಅಂತಾರೆ, ನನಗೆ ಹಂಗನ್ನಿಸಲ್ಲ. ಇದೊಂದು ನಾಳೆ ಮುಗಿದುಹೋಗ್ಲಿ ಅನ್ನೋ ಆತುರ ಅದು, ಅಷ್ಟೇ. ನಂಬಿಕೆ ಅನ್ನೋದರ ಗಂಧಾನೇ ಇರ್ಲಿಲ್ಲ ನನಗಾಗ.

ಇನ್ನು ಕೈ ವಿಷಯ. ಕುತ್ತಿಗೆ ಪೈಪ್ ಬಹಳ ದಿನ ಇಟ್ಕೊಂಡ್ರೆ ಸೋಂಕಾಗುತ್ತೆ ಅಂತ ಎಡಗೈ ಮಣಿಕಟ್ಟಿನ ಹತ್ರ ಫಿಸ್ಟುಲಾ ಮಾಡಿದ್ರು. ಅಂದ್ರೆ ರಕ್ತ ಒಯ್ಯೋ ಅಪಧಮನಿನ ಪಕ್ಕದ ಸಿರೆಗೆ ಸೇರಿಸಿ ಹೊಲಿಯೋದು, ಜೋರು ರಕ್ತ ನುಗ್ಗಿ ನುಗ್ಗಿ ಸಿರೆ ದಪ್ಪ ಆಗುತ್ತೆ, ಆಮೇಲೆ ಆ ದಪ್ಪ ನರಕ್ಕೆ ಪ್ರತಿ ಸಲ ಎರಡು ಸೂಜಿ ಚುಚ್ಚೋದು, ಒಂದರಲ್ಲಿ ರಕ್ತ ಹೊರಗೆ, ಇನ್ನೊಂದರಲ್ಲಿ ಒಳಗೆ. ನರ ಬಲಿಯೋಕೆ ಎರಡು ತಿಂಗಳು, ಅಲ್ಲಿವರೆಗೂ ದಿನಾ ರಬ್ಬರ್ ಚೆಂಡು ಹಿಸುಕೋದು. ಆ ಕೈಗೆ ವಾಚ್ ಕಟ್ಟಂಗಿಲ್ಲ, ಬಿಪಿ ನೋಡಿಸಂಗಿಲ್ಲ, ಅದನ್ನ ತಲೆ ಕೆಳಗೆ ಇಟ್ಕೊಂಡು ಮಲಗಂಗಿಲ್ಲ, ಭಾರ ಎತ್ತಂಗಿಲ್ಲ. ದಿನಾ ಬೆಳಗ್ಗೆ ಎದ್ದ ತಕ್ಷಣ ಮೂರು ಬೆರಳಿಟ್ಟು ನೋಡ್ಬೇಕು, ಒಳಗೆ ಝುಮ್ ಅಂತಿರುತ್ತೆ. ಅದಕ್ಕೆ ಥ್ರಿಲ್ ಅಂತಾರೆ, ಸಿಸ್ಟರ್ ಮೊದಲ ಸಲ ಹೇಳಿದಾಗ ನಕ್ಕಿದ್ದೆ. ಜೇನುಪೆಟ್ಟಿಗೆ ಮೇಲೆ ಕೈಯಿಟ್ಟಂಗೆ ಇರುತ್ತೆ. ಆ ಝುಮ್ ನಿಂತ್ರೆ ಫಿಸ್ಟುಲಾ ಕಟ್ಕೊಂಡಿದೆ ಅಂತ ಅರ್ಥ, ಆಗ ಒಂದು ಗಂಟೆನೂ ತಡ ಮಾಡ್ದೆ ಆಸ್ಪತ್ರೆಗೆ ಓಡ್ಬೇಕು.

ಮೊದಲು ಭಯಕ್ಕೆ ನೋಡ್ಕೊಳ್ತಿದ್ದೆ. ಕಣ್ಣು ಬಿಡೋಕೆ ಮುಂಚೆನೇ ಬಲಗೈ ಎಡಗೈ ಮೇಲೆ ಹೋಗೋದು. ಆಮೇಲಾಮೇಲೆ ಹಾಸಿಗೆ ಮೇಲೆ ಸುಮ್ನೆ ಐದು ನಿಮಿಷ ಕೂತು ಕೈ ಚಾಚಿ ಅದನ್ನೇ ಹಿಡ್ಕೊಂಡು ಇರ್ತಿದ್ದೆ, ಇವತ್ತಿಗೆ ನಡೀತು ಅಂತ. ಒಂದಿನ ಅಮ್ಮ ಬಾಗಿಲಲ್ಲಿ ನಿಂತು ನೋಡಿ ಹೇಳಿದ್ರು, "ಹೆಂಗೂ ದಿನಾ ಎಡಗೈ ಚಾಚ್ಕಂಡು ಕೂತಿರ್ತೀಯಲ್ಲೋ ಮಗ, ಆ ಅಂಗೈ ಮೇಲೆ ಲಿಂಗಪ್ಪನ್ನೂ ಇಟ್ಕಂಡ್ರೆ ಅವನೇನು ಬ್ಯಾಡ ಅಂತಾನಾ?"

ನಮ್ಮದು ಲಿಂಗಾಯತರ ಮನೆ. ಇಷ್ಟಲಿಂಗ ಎಡಗೈ ಅಂಗೈಲಿ ಇಟ್ಕೊಂಡೇ ಪೂಜೆ ಮಾಡೋದು. ನನ್ನದು ಮದುವೆಲಿ ಒಂದಿನ ಕೊರಳಿಗೆ ಹಾಕಿದ್ದು, ಆಮೇಲೆ ದೇವರ ಗೂಡಲ್ಲಿ ಕರಡಿಗೆ (ಲಿಂಗ ಇಡೋ ಡಬ್ಬಿ) ಒಳಗೆ ಹದಿಮೂರು ವರ್ಷ ಬಿದ್ದಿತ್ತು. ಅವತ್ತೇನು ಭಕ್ತಿ ಉಕ್ಕಿ ಬರ್ಲಿಲ್ಲ, ಅಮ್ಮನ ಬಾಯಿ ಮುಚ್ಚಿಸೋಕೆ ತಗೊಂಡೆ ಅಂದ್ರೂ ತಪ್ಪಿಲ್ಲ. ಆದ್ರೆ ಇಟ್ಕೊಂಡು ನೋಡಿದ್ರೆ ಅಂಗೈಲಿ ಲಿಂಗ, ಅದರ ನಾಲ್ಕು ಬೆರಳು ಕೆಳಗೆ ನನ್ನ ಜೀವ ಝುಮ್ ಅಂತ ಹರೀತಿದೆ. ಎರಡನ್ನೂ ಒಂದೇ ಕೈ ಹಿಡ್ಕೊಂಡಿದೆ. ಏನೋ ಆಯ್ತು ಅವತ್ತು, ಅದನ್ನ ದೊಡ್ಡದು ಮಾಡಿ ಹೇಳಲ್ಲ. ಮಾರನೇ ದಿನಾನೂ ಇಟ್ಕೊಂಡೆ, ಅದರ ಮಾರನೇ ದಿನಾನೂ. ಕಿಡ್ನಿ ಕೊಡಪ್ಪ ಅಂತ ಯಾವತ್ತೂ ಕೇಳಿಲ್ಲ ನಾನು. ಕೂರ್ತೀನಿ, ಬೆರಳಿಟ್ಟು ನೋಡ್ತೀನಿ, ವಿಭೂತಿ ಹಚ್ಕೊಂಡು ಏಳ್ತೀನಿ. ದಿನಾ ಅದೇ ಕೆಲಸ ಮಾಡ್ತಾ ಮಾಡ್ತಾ ನಂಬಿಕೆ ಹಿಂದಿನಿಂದ ಬಂದು ಸೇರ್ಕೊಳ್ತು ಅಂತ ಕಾಣುತ್ತೆ, ಯಾವತ್ತು ಬಂತು ಅಂದ್ರೆ ಹೇಳೋಕಾಗಲ್ಲ.

ಇನ್ನು ನೀರಿನ ಲೆಕ್ಕ. ಇದು ಡಯಾಲಿಸಿಸ್‌ನವರಿಗೆ ಉಪಯೋಗಕ್ಕೆ ಬರುತ್ತೆ ಅಂತ ಸ್ವಲ್ಪ ಉದ್ದ ಹೇಳ್ತೀನಿ. ನನಗೆ ಮೂತ್ರ ಹೆಚ್ಚುಕಮ್ಮಿ ನಿಂತೇ ಹೋಗಿದೆ, ಹಂಗಾಗಿ ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತೆ, ಒಂದು ಲೀಟರ್ ಕುಡಿದ್ರೆ ತೂಕ ಒಂದು ಕೆಜಿ ಏರುತ್ತೆ. ಡಾಕ್ಟ್ರು ದಿನಕ್ಕೆ 700 ಎಂಎಲ್ ಅಂದಿದಾರೆ (ನಿಮ್ಮದು ಎಷ್ಟು ಅಂತ ನಿಮ್ಮ ಡಾಕ್ಟ್ರೇ ಹೇಳ್ಬೇಕು, ನನ್ನದು ನೋಡಿ ಮಾಡ್ಬೇಡಿ). ಬೆಳಗ್ಗೆ ಒಂದು ಬಾಟ್ಲಿಗೆ ಅಷ್ಟು ನೀರು ತುಂಬ್ತೀನಿ. ಕಾಫಿ ಕುಡಿದ್ರೆ ಅಷ್ಟೇ ನೀರು ಬಾಟ್ಲಿಯಿಂದ ದಾಸವಾಳದ ಗಿಡಕ್ಕೆ ಸುರೀತೀನಿ, ಸಾರು ತಿಂದ್ರೂ ಅಷ್ಟೇ, ಮಜ್ಜಿಗೆಗೂ ಅಷ್ಟೇ. ಬಾಟ್ಲಿ ಖಾಲಿ ಆದ್ರೆ ಅವತ್ತಿನ ನೀರು ಮುಗೀತು. ಚಿಲ್ಲರೆ ಅಳೆಯೋಕೆ ಟಾನಿಕ್ ಬಾಟ್ಲಿ ಮುಚ್ಚಳ ಇದೆ, ಹತ್ತು ಎಂಎಲ್. ಎಲ್ಲಾ ಒಂದು ನೋಟ್ ಬುಕ್ಕಲ್ಲಿ ಬರೀತೀನಿ, ಮೊದಲು ಕೊಬ್ಬರಿ ಲೆಕ್ಕ ಬರೀತಿದ್ದ ಬುಕ್ಕೇ ಅದು. ಆದ್ರೆ ನಿಜವಾದ ಕಳ್ಳ ಉಪ್ಪು, ಉಪ್ಪಿನಕಾಯಿ ಹಪ್ಪಳ ಬಿಡ್ದೆ ನೀರು ಬಿಡೋಕಾಗಲ್ಲ, ದಾಹ ಕೇಳಲ್ಲ. ಸೋಡಿಯಂ ಕಮ್ಮಿ ಇರೋ ಉಪ್ಪು ಅಂತ ಪ್ಯಾಕೆಟ್ ಸಿಗುತ್ತೆ ನೋಡಿ, ಅದಕ್ಕೆ ಪೊಟ್ಯಾಷಿಯಂ ಬೆರೆಸಿರ್ತಾರೆ, ನಮ್ಮಂಥೋರಿಗೆ ಅದು ವಿಷ. ಕಮರಾಕ್ಷಿ ಹಣ್ಣಂತೂ ಮುಟ್ಟಲೇಬೇಡಿ. ಪೊಟ್ಯಾಷಿಯಂ ಇಳೀಲಿ ಅಂತ ತರಕಾರಿ ಹೆಚ್ಚಿ ಬೆಚ್ಚಗಿನ ನೀರಲ್ಲಿ ನೆನೆಸಿ ಆ ನೀರು ಚೆಲ್ಲಿ ಬೇಯಿಸ್ತಾಳೆ ನಮ್ಮ ಮನೆಯವಳು, ರುಚಿ ಹೋಗುತ್ತೆ, ಹೋಗ್ಲಿ. ಬೇಸಿಗೆಲಿ ನಾಲಿಗೆ ಒಣಗಿದಾಗ ಐಸ್ ತುಂಡು ಒಂದು ಬಾಯಲ್ಲಿಟ್ಕೊಳ್ಳೋದು, ಅದನ್ನೂ ಲೆಕ್ಕಕ್ಕೆ ಹಿಡೀತೀನಿ.

ಆಮೇಲೆ ನಮ್ಮ ತಾಲ್ಲೂಕು ಆಸ್ಪತ್ರೇಲೇ ಸಿಕ್ತು ಡಯಾಲಿಸಿಸ್, ದುಡ್ಡಿಲ್ಲ, ತುಮಕೂರಿಗೆ ಓಡಾಡೋದು ತಪ್ಪಿತು. ಒಂದೇ ಶಿಫ್ಟಲ್ಲಿ ಮಲಗೋರು ಅಣ್ಣತಮ್ಮಂದಿರ ಥರ ಆಗಿಬಿಡ್ತಾರೆ. ಪಕ್ಕದ ಬೆಡ್ ಸಾಬ್ರು ರಂಜಾನ್ ತಿಂಗಳಲ್ಲಿ ರೋಜಾ ಹಿಡಿಯೋಕಾಗಲ್ಲ ಅಂತ ಮೊದಲ ವರ್ಷ ಮುಖ ಸಣ್ಣ ಮಾಡ್ಕೊಂಡಿದ್ರು, ಎರಡನೇ ವರ್ಷ ಅವರೇ "ನಮ್ದು ವರ್ಷಪೂರ್ತಿ ನೀರಿನ ರೋಜಾ ಅಲ್ವೇನ್ರಪ್ಪ" ಅಂತ ನಗೋರು. ಆ ಕಡೆ ಕಿಟಕಿ ಪಕ್ಕ ರಿಟೈರ್ಡ್ ಮೇಷ್ಟ್ರು. ಉಂಡೆ ಕೊಬ್ಬರಿ ಮಾಡೋಕೆ ಬಲಿತ ಕಾಯಿನ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡ್ತೀವಿ, ಒಳಗಿನ ನೀರು ತಾನಾಗೇ ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಕೊಂಡು ಅಲ್ಲಾಡಿಸಿದ್ರೆ ಗೊಟಗೊಟ ಅನ್ನುತ್ತೆ. ಮೇಷ್ಟ್ರು ತೂಕದ ಮೆಷಿನ್ ಮೇಲೆ ಹತ್ತುವಾಗೆಲ್ಲ ಮೈ ಅಲ್ಲಾಡಿಸಿ "ನೋಡಮ್ಮ ಸಿಸ್ಟರ್, ನೀರು ಇಂಗಿದೆಯಾ ಇನ್ನೂ ಅಟ್ಟ ಹತ್ತಿಸ್ಬೇಕಾ" ಅನ್ನೋರು. 2020 ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬಸ್ಸಿಲ್ಲ ಆಟೋ ಇಲ್ಲ, ಆಸ್ಪತ್ರೆ ಫೈಲ್ ಎದೆಗೆ ಅವಚ್ಕೊಂಡು ಭಾವಮೈದನ ಬೈಕ್ ಹಿಂದೆ ಕೂತು ಹೋಗ್ತಿದ್ದೆ, ಪೊಲೀಸ್ರು ಎರಡು ಸಲ ನಿಲ್ಲಿಸಿದ್ರು, ಮೂರನೇ ಸಲ ದೂರದಿಂದಲೇ ಕೈ ಆಡಿಸಿ ಬಿಟ್ರು. ಆ ವರ್ಷವೇ ಒಂದು ಸೋಮವಾರ ಹೋದ್ರೆ ಕಿಟಕಿ ಪಕ್ಕದ ಬೆಡ್‌ಗೆ ಹೊಸ ಬೆಡ್‌ಶೀಟ್ ಹಾಸಿತ್ತು. ಯಾರೂ ಏನೂ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ. ಅವತ್ತು ನಾಲ್ಕು ಗಂಟೆ ಒಬ್ಬರೂ ಮಾತಾಡ್ಲಿಲ್ಲ. ಮಾರನೇ ಬೆಳಗ್ಗೆ ನಾನು ಲಿಂಗ ಕೈಗೆ ತಗೊಳ್ಲಿಲ್ಲ, ಒಂದು ವಾರ ತಗೊಳ್ಲಿಲ್ಲ. ಥ್ರಿಲ್ ಮಾತ್ರ ನೋಡ್ಕೊಳ್ತಿದ್ದೆ, ಅದು ಬಿಡೋಕಾಗಲ್ಲವಲ್ಲ. ಎಂಟನೇ ದಿನ ಅಮ್ಮ ಏನೂ ಹೇಳ್ದೆ ಕರಡಿಗೆ ತಂದು ಹಾಸಿಗೆ ಪಕ್ಕ ಇಟ್ಟು ಹೋಗಿದ್ರು.

ಬದುಕಿಗೆ ಅರ್ಥ ಅಂತಾರಲ್ಲ, ಅದು ನನಗೆ ನನ್ನ ತಪ್ಪಿನ ಕಡೆಯಿಂದ ಸಿಕ್ಕಿದ್ದು. ಒಂದು ಹೆಣ್ಣುಮಗಳು ಹೊಸದಾಗಿ ಸೇರಿದ್ಲು, ಇಪ್ಪತ್ತಾರು ಇಪ್ಪತ್ತೇಳು ವಯಸ್ಸು, ಚಿಕ್ಕ ಮಗು. ಅವಳ ಅತ್ತೆ ಎಲ್ಲೋ ಔಷಧಿ ಕೊಡಿಸ್ತೀನಿ, ಮೆಷಿನ್ ಬಿಡು ಅಂತಿದಾರೆ ಅಂತ ಗೊತ್ತಾಯ್ತು. ಸಿಸ್ಟರ್ ನನ್ನ ಹತ್ರ ಬಂದು "ಅಣ್ಣ, ನಾವು ಹೇಳಿದ್ರೆ ಆಸ್ಪತ್ರೆಯೋರು ಹಿಂಗೇ ಹೇಳೋದು ಅಂತಾರೆ, ನೀವು ಹೇಳಿ" ಅಂದ್ರು. ನಾನೇನು ಹೇಳ್ಲಿ? ಬುದ್ಧಿ ಹೇಳೋಕೆ ನಾನ್ಯಾರು? ಆ ಅತ್ತೆ ಪಕ್ಕ ಬೆಂಚ್ ಮೇಲೆ ಕೂತು, ಹತ್ತನೇ ರಾತ್ರಿ ಕಿಟಕಿ ಸರಳು ಹಿಡ್ಕೊಂಡು ನಿಂತಿದ್ದು, ಎದೆಯೊಳಗಿನ ಗೊರಗೊರ, ಹೆಂಡತಿಗೆ ಆಡಿದ ಮಾತು, ಎಲ್ಲಾ ಹೇಳಿದೆ. ಮನೆಯವಳಿಗೆ ಕ್ಷಮೆ ಕೂಡ ಕೇಳಿರ್ಲಿಲ್ಲ ನಾನು ಅಲ್ಲಿವರೆಗೂ, ಗೊತ್ತಿಲ್ಲದ ಯಜಮಾನತಿ ಮುಂದೆ ಎಲ್ಲಾ ಒಪ್ಕೊಂಡೆ. ಅವರು ಸೆರಗಲ್ಲಿ ಮುಖ ಒರೆಸ್ಕೊಂಡು "ಎಷ್ಟು ಕೊಟ್ರಿ ಅವನಿಗೆ?" ಅಂದ್ರು. 18 ಸಾವಿರ ಅಂದೆ. "ನಮ್ಮತ್ರ ಇಪ್ಪತ್ತೈದು ಕೇಳವ್ನೆ" ಅಂದ್ರು. ಬುಧವಾರ ಆ ಹುಡುಗಿ ಶಿಫ್ಟ್‌ಗೆ ಬಂದ್ಲು. ಇವತ್ತಿಗೂ ಬರ್ತಾಳೆ.

ಎಲ್ಲರೂ ಕೇಳ್ತಾರೆ ಅಂತಲ್ಲ. ಒಬ್ಬ ಹುಡುಗ ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸಿ ಹೋದೋನು ಮತ್ತೆ ಬರಲೇ ಇಲ್ಲ. ಅದು ಈಗ್ಲೂ ಕೊರೆಯುತ್ತೆ. ಆದ್ರೂ ಈಗ ಹೊಸಬರು ಬಂದ್ರೆ ಸಿಸ್ಟರ್ ನನ್ನ ಕಡೆ ಒಂದು ನೋಟ ನೋಡ್ತಾರೆ, ನಾನು ಅರ್ಧ ಗಂಟೆ ಮುಂಚೆ ಹೋಗಿ ಬೆಂಚ್ ಮೇಲೆ ಕೂರ್ತೀನಿ. ಬಾಟ್ಲಿ ಲೆಕ್ಕ ಹೇಳ್ಕೊಡ್ತೀನಿ, ನನ್ನ ಕೈ ಮುಟ್ಟಿಸ್ತೀನಿ, ಹೆದರ್ಬೇಡಿ ಇದು ಹಿಂಗೇ ಝುಮ್ ಅನ್ನುತ್ತೆ ಅಂತ. ತೋಟ ಮಾರ್ಬೇಕು ಅಂದ್ಕೊಂಡಿದ್ದೆ, ಮಾರ್ಲಿಲ್ಲ. ಭಾವಮೈದನೇ ನೋಡ್ಕೊಳ್ತಾನೆ, ನಾನು ಲೆಕ್ಕ ಬರೀತೀನಿ.

ಕಿಡ್ನಿ ಕಸಿ ಏನಾಯ್ತು ಅಂತ ಕೇಳ್ತಾರೆ. ಅಮ್ಮನಿಗೆ ಶುಗರ್, ಮನೆಯವಳದ್ದು ಗ್ರೂಪ್ ಬೇರೆ. ಜೀವಸಾರ್ಥಕತೆಲಿ (ಅಂಗಾಂಗ ದಾನ ನೋಡ್ಕೊಳ್ಳೋ ನಮ್ಮ ರಾಜ್ಯದ ಸಂಸ್ಥೆ) ಹೆಸರು ಬರೆಸಿದೀವಿ, ಮಿದುಳು ನಿಷ್ಕ್ರಿಯ ಆದೋರ ಮನೆಯವರು ದಾನ ಕೊಟ್ರೆ ಸರದಿ ಪ್ರಕಾರ ಸಿಗುತ್ತೆ. ಇದು ಮಾತ್ರ ನನಗೆ ವಿಚಿತ್ರವಾದ ಆಸೆ. ನನ್ನ ಫೋನ್ ರಿಂಗ್ ಆಗ್ಬೇಕು ಅಂದ್ರೆ ಇನ್ನೊಂದು ಮನೆಲಿ ಅಳು ಆಗಿರ್ಬೇಕು. ಹಂಗಾಗಿ ಅದನ್ನೂ ದೇವರ ಹತ್ರ ಕೇಳಲ್ಲ, ಫೋನ್ ಚಾರ್ಜ್ ಮಾತ್ರ ಹಾಕಿ ಇಟ್ಕೊಂಡಿರ್ತೀನಿ.

ಮನೆಯವಳು ಆ 108ರ ರಾತ್ರಿ ಎಡೆಯೂರು ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತಿದ್ಲಂತೆ, ನನಗೆ ಹೇಳಿದ್ದೇ ಎಷ್ಟೋ ವರ್ಷ ಆದ್ಮೇಲೆ. ತೋಂಟದ ಸಿದ್ಧಲಿಂಗರು ಕಗ್ಗೆರೆ ತೋಟದಲ್ಲಿ ತಪಸ್ಸಿಗೆ ಕೂತು ಮೈಮೇಲೆ ಹುತ್ತ ಬೆಳೆದ್ರೂ ಏಳ್ಲಿಲ್ಲ ಅಂತ ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಹೋದ ಶ್ರಾವಣದಲ್ಲಿ ಹರಕೆ ತೀರಿಸೋಕೆ ಇಬ್ರೂ ಹೋದ್ವಿ. ಸಾಲಲ್ಲಿ ನಿಂತಿದ್ದಾಗಲೇ ಅವಳಿಗೆ ಆ ಹಳೇ ಮಾತಿಗೆ ತಪ್ಪಾಯ್ತು ಕಣೇ ಅಂದೆ, ಯಾವ ಮಾತು ಅಂದ್ಲು, ನೆನಪಿದ್ದೂ ಹಂಗಂದ್ಲು ಅಂತ ಗೊತ್ತು. ಗರ್ಭಗುಡಿ ಮುಂದೆ ಅಯ್ನೋರು ತೀರ್ಥ ಕೊಟ್ರು, ಮೂರು ಸಲ, ಚಿಕ್ಕ ಸೌಟಲ್ಲಿ. ಕುಡಿದು ತಲೆಗೆ ಕೈ ಒರೆಸ್ಕೊಂಡು, ಹೊರಗೆ ಕಲ್ಲುಕಂಬದ ಹತ್ರ ಬಂದು ಕೂತು ಜೇಬಿಂದ ಬುಕ್ ತೆಗೆದೆ.

"ರೀ, ತೀರ್ಥನೂ ಬರೀತೀರಾ?" ಅಂದ್ಲು.

ಹದಿನೈದು ಎಂಎಲ್ ಅಂತ ಬರೆದೆ.