ಘಾಟಿ ಹತ್ತುವ ಮೊದಲೇ ಹಾಡು, ಹಾಸ್ಯ ಇಳಿಸಿಟ್ಟುಕೊಳ್ಳಿ

ಗೆಳೆಯರೆಲ್ಲ ಸೇರಿ ಮಂಗಳೂರಿನಿಂದ ಕಾರಲ್ಲಿ ಬೆಂಗಳೂರು ಕಡೆ ಹೊರಡುವುದಿದ್ದರೆ, ಒಬ್ಬೊಬ್ಬರಿಂದ ಒಂದು ಹಾಸ್ಯದ ತುಣುಕು, ಎರಡು ಹಾಡು ಮಾತ್ರ ಕೇಳಿ ಪಡೆದು, ಕಾರಿನ ಬ್ಲೂಟೂತ್‌ಗೆ ಸೇರಿಸುವ ಫೋನಿನಲ್ಲೇ ಹಿಂದಿನ ರಾತ್ರಿ ಮನೆಯ ವೈಫೈಯಲ್ಲಿ ಡೌನ್‌ಲೋಡ್ ಮಾಡಿಡಿ. ಆ್ಯಪ್ ಒಳಗೆ ಇಳಿಸಿದ್ದು ಆ ಫೋನಿನಲ್ಲಿ ಮಾತ್ರ ಕೇಳುತ್ತದೆ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತತೊಡಗಿದ ಮೇಲೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ಉಡುಪಿಯಿಂದ ಆಗುಂಬೆ ಘಾಟಿ ಹತ್ತುವವರಿಗೂ ಇದೇ ಮಾತು. ಇನ್ನೊಂದು, ಕ್ರಮ ಮುಖ್ಯ ಮಾರಾಯ್ರೆ: ಹಾಸ್ಯವನ್ನು ಬಿ.ಸಿ. ರೋಡ್ ಕಳೆದ ಮೇಲೆ, ಘಾಟಿಗೆ ಮೊದಲೇ ಮುಗಿಸಿ, ಹಾಡು ಘಾಟಿಗಿರಲಿ. ತಿರುವಿನಲ್ಲಿ ಲಾರಿಗಳ ಹಾರ್ನಿಗೆ ಹಾಡಿನ ಒಂದು ಸಾಲು ತಪ್ಪಿದರೆ ನಷ್ಟವಿಲ್ಲ, ಹಾಸ್ಯದಲ್ಲಿ ಒಂದು ಮಾತು ತಪ್ಪಿದರೆ ನಗುವೇ ಹೋಯಿತು. ಅದರಲ್ಲೂ ಯಕ್ಷಗಾನದ ಹಾಸ್ಯ ನಿಂತಿರುವುದೇ ಮಾತಿಗೆ ಮಾತು ಕೊಡುವುದರಲ್ಲಿ. ಕಾರಿನಲ್ಲಿ ತುಳು ಬಾರದವರಿದ್ದರೆ ತುಳು ನಾಟಕದ ತುಣುಕು ನಡೆಯುವುದಿಲ್ಲ. ಅರ್ಥ ಬಿಡಿಸಿ ಹೇಳುತ್ತಾ ಕೂತರೆ ಹೇಳುವವರಿಗೂ ಸಪ್ಪೆ, ಕೇಳುವವರಿಗೂ ಸಪ್ಪೆ. ಅಂಥವರಿಗೆ ಕನ್ನಡ ಯಕ್ಷಗಾನ ಪ್ರಸಂಗದ (ಕಥೆಯ) ಹಾಸ್ಯದ ಭಾಗ ಒಳ್ಳೆಯದು. ವೇಷ, ಮುಖಭಾವ ನೋಡಿಯೇ ನಗಬೇಕಾದ ದೃಶ್ಯಗಳನ್ನೂ ಬಿಡಿ, ಗಾಡಿ ಬಿಡುವವರಿಗೆ ಅದು ಸಿಗುವುದಿಲ್ಲ, ಸ್ಕ್ರೀನ್ ಕಡೆ ಕಣ್ಣು ಹೋಗುವುದು ಅಪಾಯ. ಜೋರು ಮಳೆ ಅಥವಾ ಮಂಜು ಇದ್ದ ದಿನ ಘಾಟಿ ಮುಗಿಯುವವರೆಗೆ ಎಲ್ಲವನ್ನೂ ಬಂದ್ ಮಾಡಿ, ಎದುರಿನ ಹಾರ್ನ್ ಕೇಳಬೇಕು. ರೈಲಿನಲ್ಲಾದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಫೋನಿಗೇ ಇಳಿಸಿಕೊಂಡು, ಇಯರ್‌ಫೋನ್ ಹಾಕಿಯೇ ಕೇಳಿ.