ಹಾ ಲಾಂಗ್ ಕೊಲ್ಲಿಯಲ್ಲಿ ಒಂದು ರಾತ್ರಿ: ಹಡಗು ಆರಿಸುವ ಮುನ್ನ ಮಾರ್ಗ ನೋಡಿ

ವಿಯೆಟ್ನಾಂಗೆ ಹೊರಡುವ ಬೆಂಗಳೂರಿಗರ ಪಟ್ಟಿಯಲ್ಲಿ ಹಾ ಲಾಂಗ್ ಕೊಲ್ಲಿ ಇದ್ದೇ ಇರುತ್ತದೆ. ಹಡಗನ್ನು ಮಾತ್ರ ಹೆಚ್ಚಿನವರು ಫೋಟೊ ನೋಡಿ ಆರಿಸುತ್ತಾರೆ: ಬಾಲ್ಕನಿ, ಬಾತ್‌ಟಬ್, ಡೆಕ್ಕಿನ ಮೇಲೆ ಈಜುಕೊಳ. ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ. ಈ ಹಡಗು ಯಾವ ಕಡೆ ಹೋಗುತ್ತದೆ? ರಾತ್ರಿ ಎಲ್ಲಿ ಲಂಗರು ಹಾಕುತ್ತದೆ? ಉತ್ತರ ಸರಿಯಿದ್ದರೆ ಸಾಧಾರಣ ಹಡಗಿನಲ್ಲೂ ಪ್ರವಾಸ ಸಾರ್ಥಕ.

ಮೂರು ಮಾರ್ಗ

ಹಾನೊಯ್‌ನಿಂದ ಪೂರ್ವಕ್ಕೆ ಸುಮಾರು 160 ಕಿ.ಮೀ. ದೂರದ ಈ ಕೊಲ್ಲಿಯಲ್ಲಿ ಸುಣ್ಣಕಲ್ಲಿನ ದ್ವೀಪಗಳು 1,600ರಷ್ಟಿವೆ. 1994ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2023ರಲ್ಲಿ ಪಕ್ಕದ ಕಾಟ್ ಬಾ ದ್ವೀಪಸಮೂಹವನ್ನೂ ಅದಕ್ಕೆ ಸೇರಿಸಲಾಯಿತು.

ಒಂದನೆಯದು ಹಾ ಲಾಂಗ್‌ನ ನಡುಭಾಗ. ಸುಂಗ್ ಸೋಟ್ ಗುಹೆ, ಟಿಟೊವ್ ದ್ವೀಪ, ಲುವಾನ್ ಗುಹೆ ಎಲ್ಲವೂ ಇಲ್ಲಿವೆ. ದೋಣಿಗಳ ಸಂದಣಿಯೂ ಇಲ್ಲೇ. ಸೋವಿಯತ್ ಗಗನಯಾತ್ರಿ ಗೆರ್ಮನ್ ಟಿಟೊವ್ ಹೆಸರಿನ ದ್ವೀಪದ ತುದಿಗೆ ನಾನೂರರಷ್ಟು ಮೆಟ್ಟಿಲು ಹತ್ತಬೇಕು. ಸುಂಗ್ ಸೋಟ್‌ನಲ್ಲಿಯೂ ಹತ್ತಿಳಿಯುವ ಕೆಲಸ ಸಾಕಷ್ಟಿದೆ, ಕಲ್ಲು ಒದ್ದೆಯಾಗಿರುತ್ತದೆ. ಎರಡನೆಯದು ದಕ್ಷಿಣಕ್ಕೆ, ಕಾಟ್ ಬಾ ಪಕ್ಕದ ಲಾನ್ ಹಾ ಕೊಲ್ಲಿ. ಇಲ್ಲಿ ಕಯಾಕ್‌ನಲ್ಲಿ ಗುಹೆ ದಾಟಬಹುದು, ವಿಯೆಟ್ ಹಾಯ್ ಹಳ್ಳಿಗೆ ಸೈಕಲ್‌ನಲ್ಲಿ ಹೋಗಬಹುದು. ಮೂರನೆಯದು ಈಶಾನ್ಯಕ್ಕೆ ಚಾಚಿದ ಬಾಯ್ ತು ಲಾಂಗ್. ಇಲ್ಲಿ ದೋಣಿಗಳು ಕಡಿಮೆ, ವುಂಗ್ ವಿಯೆಂಗ್ ಎಂಬ ತೇಲುವ ಹಳ್ಳಿಯಿದೆ. ಆದರೆ ಹಾ ಲಾಂಗ್‌ನ ತೇಲುವ ಹಳ್ಳಿಗಳ ಬಹುಪಾಲು ಕುಟುಂಬಗಳನ್ನು 2014ರಲ್ಲಿ ದಡಕ್ಕೆ ಸ್ಥಳಾಂತರಿಸಲಾಯಿತು. ತುಂಬಿದ ಹಳ್ಳಿಯನ್ನು ನಿರೀಕ್ಷಿಸಿ ಹೋಗಬೇಡಿ.

ಮಂಡಿನೋವಿರುವ ಅಪ್ಪ-ಅಮ್ಮ ಜೊತೆಗಿದ್ದರೆ ಲಾನ್ ಹಾ ಆರಿಸಿ. ಮೊದಲ ಸಲ ಹೋಗುವ, ಗುಹೆ ನೋಡಲೇಬೇಕೆನ್ನುವವರಿಗೆ ನಡುಭಾಗ ಸರಿ. ಸದ್ದುಗದ್ದಲ ಬೇಡ ಎನ್ನುವವರಿಗೆ ಬಾಯ್ ತು ಲಾಂಗ್.

ಯಾವ ತಿಂಗಳು?

ಅಕ್ಟೋಬರ್, ನವೆಂಬರ್ ಉತ್ತಮ. ಆಕಾಶ ತಿಳಿಯಾಗಿರುತ್ತದೆ, ಸೆಕೆ ಇಳಿದಿರುತ್ತದೆ. ದಸರಾ ರಜೆ ಅಕ್ಟೋಬರ್ ಕೊನೆಯ ಕಡೆಗೆ ಬಿದ್ದ ವರ್ಷ ಮಕ್ಕಳಿರುವ ಮನೆಗೆ ಅನುಕೂಲ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ನಮ್ಮ ಧನುರ್ಮಾಸದ ಬೆಳಗಿನಂಥ ಚಳಿ. ಡೆಕ್ಕಿನ ಮೇಲೆ ಗಾಳಿಯೂ ಸೇರುವುದರಿಂದ ಸ್ವೆಟರ್ ಒಂದೇ ಸಾಲದು, ಗಾಳಿ ತಡೆಯುವ ಜಾಕೆಟ್ ಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ತುಂತುರು, ಮಂಜು: ದ್ವೀಪಗಳು ಮಬ್ಬು ಮಬ್ಬಾಗಿ ಕಾಣುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಂಡಮಾರುತದ ಭಯ, ಅದು ಅಕ್ಟೋಬರ್ ಆರಂಭಕ್ಕೂ ಚಾಚುವುದುಂಟು. 2024ರ ಸೆಪ್ಟೆಂಬರ್‌ನಲ್ಲಿ ಯಾಗಿ ಚಂಡಮಾರುತ ಈ ಕರಾವಳಿಯನ್ನೇ ಜಖಂಗೊಳಿಸಿತು. 2025ರ ಜುಲೈ 19ರಂದು ಹಠಾತ್ತನೆ ಎದ್ದ ಗುಡುಗು-ಬಿರುಗಾಳಿಗೆ ಹಗಲು ಪ್ರವಾಸದ ದೋಣಿಯೊಂದು ಮಗುಚಿ ಮೂವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಟಿಕೆಟ್ ಅಗ್ಗವೆಂದು ಮಳೆಗಾಲದಲ್ಲಿ ಹೊರಡುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ವೀಸಾ ಮತ್ತು ಹಣ

ಭಾರತೀಯರಿಗೆ ಇ-ವೀಸಾ ಸಿಗುತ್ತದೆ. 90 ದಿನದವರೆಗೆ ಇರಬಹುದು; ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50 ಡಾಲರ್. ಅರ್ಜಿ ತಿರಸ್ಕೃತವಾದರೂ ಈ ಶುಲ್ಕ ವಾಪಸ್ ಬರುವುದಿಲ್ಲ. ಮೂರು ಕೆಲಸದ ದಿನ ಎಂದು ಹೇಳಿದರೂ ಎರಡು ವಾರ ಮುಂಚೆಯೇ ಅರ್ಜಿ ಹಾಕಿ. ವಿಯೆಟ್ನಾಂ ಸರ್ಕಾರದ ಜಾಲತಾಣದಲ್ಲೇ ಹಾಕಿ. ಹಾಗೆಯೇ ಕಾಣುವ ಮಧ್ಯವರ್ತಿ ತಾಣಗಳು ದುಪ್ಪಟ್ಟು ಕೇಳುತ್ತವೆ.

ನಮ್ಮವರಿಗೆ ತೊಂದರೆಯಾಗುವುದು ಹೆಸರಿನಲ್ಲಿ. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಬಿಡಿಸಿ ಬರೆದಿದ್ದರೆ ಅರ್ಜಿಯಲ್ಲೂ ಬಿಡಿಸಿ ಬರೆಯಿರಿ, ಇನಿಷಿಯಲ್ ಹಾಕಬೇಡಿ. ಫೋಟೊ ಪುಟದ ಕೆಳಗಿನ ಎರಡು ಸಾಲಿನಲ್ಲಿ ಹೆಸರು ಯಾವ ಕ್ರಮದಲ್ಲಿದೆಯೋ ಅದೇ ಕ್ರಮ ವೀಸಾದಲ್ಲೂ ವಿಮಾನದ ಟಿಕೆಟ್‌ನಲ್ಲೂ ಇರಲಿ. ಒಂದಕ್ಷರ ತಪ್ಪಿದರೂ ಕೆಂಪೇಗೌಡ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲೇ ನಿಲ್ಲಿಸಬಹುದು. ಇ-ವೀಸಾವನ್ನು ಕಾಗದದಲ್ಲಿ ಮುದ್ರಿಸಿಕೊಂಡಿರಿ.

ಹಣಕ್ಕೆ ಹೊಸ, ಮಡಿಕೆಯಿಲ್ಲದ ಡಾಲರ್ ನೋಟು ಒಯ್ದು ಹಾನೊಯ್‌ನಲ್ಲಿ ಡಾಂಗ್‌ಗೆ ಬದಲಿಸಿ. ಸೊನ್ನೆಗಳು ಹೆಚ್ಚಿರುವುದರಿಂದ 20,000 ಮತ್ತು 5,00,000 ಡಾಂಗ್ ನೋಟುಗಳು ಅದಲು ಬದಲಾಗುತ್ತವೆ, ಎರಡೂ ನೀಲಿ ಬಣ್ಣ. ಕೊಡುವಾಗ ಸೊನ್ನೆ ಎಣಿಸಿ. 2,00,000 ಡಾಂಗ್ ನೋಟಿನ ಹಿಂಬದಿಯಲ್ಲಿರುವ ಬಂಡೆ ಇದೇ ಕೊಲ್ಲಿಯ ಧೂಪದಾನಿ ದ್ವೀಪ. ಹಡಗು ಆ ಕಡೆ ಹಾದರೆ ನೋಟು ಹಿಡಿದು ಹೋಲಿಸಿ ನೋಡಬಹುದು.

ಬುಕ್ ಮಾಡುವಾಗ

ಡೆಕ್ಕಿನ ನಕ್ಷೆ ಕೇಳಿ ಪಡೆಯಿರಿ. ಎಂಜಿನ್ ಮತ್ತು ಜನರೇಟರ್ ಸಾಮಾನ್ಯವಾಗಿ ಹಿಂಭಾಗದ ಕೆಳ ಅಂತಸ್ತಿನಲ್ಲಿರುತ್ತವೆ. ಲಂಗರು ಹಾಕಿದ ಮೇಲೆ ಎಂಜಿನ್ ನಿಂತರೂ ಎ.ಸಿ.ಗಾಗಿ ಜನರೇಟರ್ ರಾತ್ರಿಯಿಡೀ ಓಡುತ್ತದೆ; ಆ ಕೋಣೆಯ ಹಾಸಿಗೆಯೇ ಗುಂಯ್‌ಗುಡುತ್ತದೆ. ಮೊದಲ ಅಥವಾ ಎರಡನೇ ಅಂತಸ್ತಿನ ನಡುಭಾಗದ ಕೋಣೆ ಕೇಳಿ. ದ್ವೀಪಗಳ ಮರೆಯಿರುವುದರಿಂದ ನೀರು ಹೆಚ್ಚಾಗಿ ಶಾಂತ, ವಾಂತಿಯ ಹೆದರಿಕೆ ಕಡಿಮೆ.

ಬೆಲೆಯಲ್ಲಿ ಏನೇನು ಸೇರಿದೆ ಎಂದು ಬರವಣಿಗೆಯಲ್ಲೇ ಕೇಳಿ: ಹಾನೊಯ್‌ನಿಂದ ವ್ಯಾನು, ಕೊಲ್ಲಿಯ ಪ್ರವೇಶ ಟಿಕೆಟ್, ಕಯಾಕ್. ಊಟದ ಜೊತೆಯ ಪಾನೀಯಕ್ಕೆ ಹೆಚ್ಚಿನ ಹಡಗುಗಳಲ್ಲಿ ಬೇರೆ ಬಿಲ್. ಹವಾಮಾನದಿಂದ ರದ್ದಾದರೆ ಎಷ್ಟು ಹಣ ವಾಪಸ್ ಎನ್ನುವುದೂ ಅದೇ ಪತ್ರದಲ್ಲಿರಲಿ. ಬೆಂಗಳೂರಿನ ಏಜೆನ್ಸಿಯಿಂದ ಪೂರ್ತಿ ಪ್ಯಾಕೇಜ್ ಕೊಂಡರೆ ಟಿಸಿಎಸ್ (ಏಜೆನ್ಸಿ ನಮ್ಮಿಂದ ಮೊದಲೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಕಡಿತವಾಗುತ್ತದೆ. ರಸೀದಿ ಇಟ್ಟುಕೊಂಡರೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಸಸ್ಯಾಹಾರಿಗಳು ಇಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ವಿಯೆಟ್ನಾಂ ಅಡುಗೆಯಲ್ಲಿ ಮೀನಿನ ಸಾಸ್ ಉಪ್ಪಿನ ಜಾಗದಲ್ಲಿ ಕೂತಿದೆ. ‘ವೆಜ್’ ಎಂದಷ್ಟೇ ಬರೆದರೆ ತರಕಾರಿ ಪಲ್ಯಕ್ಕೂ ಅದು ಬೀಳಬಹುದು, ಇಲ್ಲವೇ ಸಿಂಪಿ ಸಾಸ್ ಬೀಳಬಹುದು. ಮೀನಿನ ಸಾಸ್, ಸಿಂಪಿ ಸಾಸ್, ಮೊಟ್ಟೆ, ಮಾಂಸದ ಸಾರು ಬೇಡ ಎಂದು ಒಂದೊಂದಾಗಿ ಬರೆದು ಕಳಿಸಿ, ಹಡಗೇರಿದ ಮೇಲೆ ಇನ್ನೊಮ್ಮೆ ‘ಆನ್ ಚಾಯ್’ (ವಿಯೆಟ್ನಾಮಿ ಭಾಷೆಯಲ್ಲಿ ಸಸ್ಯಾಹಾರ) ಎಂದು ಹೇಳಿ. ಬಿಳಿ ಅನ್ನ ಹೇಗೂ ಸಿಗುತ್ತದೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಜೊತೆಗಿದ್ದರೆ ಊಟದ ಚಿಂತೆಯಿಲ್ಲ.

ಹಡಗಿನ ಮೇಲೆ

ಹಡಗಿನ ಹಿಂದಿನ ರಾತ್ರಿ ಹಾನೊಯ್‌ನಲ್ಲಿರಲೇಬೇಕು. ವ್ಯಾನು ಬೆಳಿಗ್ಗೆ ಎಂಟರ ಹೊತ್ತಿಗೆ ಹೊರಡುತ್ತದೆ. ಅದೇ ಮುಂಜಾನೆ ನೊಯ್ ಬಾಯ್ ನಿಲ್ದಾಣದಲ್ಲಿ ಇಳಿದು ಹಿಡಿಯುತ್ತೇನೆಂದು ಹೊರಟರೆ ವಿಮಾನ ಒಂದು ಗಂಟೆ ತಡವಾದರೂ ಎಲ್ಲ ಕೆಡುತ್ತದೆ. ದೊಡ್ಡ ಸೂಟ್‌ಕೇಸನ್ನು ಹೋಟೆಲಿನಲ್ಲೇ ಬಿಡಿ. ಎಕ್ಸ್‌ಪ್ರೆಸ್‌ವೇಯಲ್ಲಿ ಎರಡೂವರೆ ಗಂಟೆ, ನಡುವೆ ಅಂಗಡಿಯೊಂದರಲ್ಲಿ ನಿಲುಗಡೆ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಹಡಗು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ 2019ರಿಂದ ಕೊಲ್ಲಿಯಲ್ಲಿ ನಿರ್ಬಂಧವಿದೆ, ಸ್ಟೀಲ್ ಬಾಟಲಿ ಒಯ್ಯಿರಿ.

ಕೋಣೆಗೆ ಕಾಲಿಟ್ಟ ಕೂಡಲೇ ಲೈಫ್ ಜಾಕೆಟ್ ಎಷ್ಟಿವೆ ಎಣಿಸಿ, ಮಕ್ಕಳ ಅಳತೆಯದು ಇಲ್ಲದಿದ್ದರೆ ಆಗಲೇ ಕೇಳಿ ತರಿಸಿಕೊಳ್ಳಿ. ಕೋಣೆಯಿಂದ ತೆರೆದ ಡೆಕ್ಕಿಗೆ ಹೋಗುವ ದಾರಿಯನ್ನು ಒಮ್ಮೆ ನಡೆದು ನೋಡಿ. ಬಾಲ್ಕನಿಯ ಕಂಬಿಗಳ ನಡುವೆ ಮಗು ನುಸುಳುವಷ್ಟು ಅಂತರವಿದ್ದರೆ ಬಾಗಿಲಿಗೆ ಚಿಲಕ ಹಾಕಿಯೇ ಇಡಿ. ಗಾಳಿ ಎದ್ದರೆ ಜಾಕೆಟ್ ತೊಟ್ಟು ಸಿಬ್ಬಂದಿ ಹೇಳಿದ ಕಡೆ ಇರಿ.

ಊಟದ ನಂತರ ಗುಹೆ ಅಥವಾ ಕಯಾಕ್. ಈ ಕೊಲ್ಲಿಯಲ್ಲಿ ದಿನಕ್ಕೆ ಬಹುತೇಕ ಒಂದೇ ಉಬ್ಬರ, ಒಂದೇ ಇಳಿತ, ಕಾರವಾರದಲ್ಲಾದರೆ ಎರಡೆರಡು. ನೀರಿನ ಮಟ್ಟದ ವ್ಯತ್ಯಾಸ ಕೆಲವು ದಿನ ಮೂರು ಮೀಟರ್ ದಾಟುತ್ತದೆ. ಉಬ್ಬರ ಏರಿದ್ದಾಗ ತಗ್ಗು ಕಮಾನುಗಳಡಿ ನುಸುಳಲಾಗದೆ ಕಾರ್ಯಕ್ರಮ ಬದಲಾಗುತ್ತದೆ, ಅದಕ್ಕಾಗಿ ಮಾರ್ಗದರ್ಶಕರ ಜೊತೆ ಜಗಳ ಬೇಡ. ಇಳಿತದಲ್ಲಿ ದ್ವೀಪದ ಬುಡಕ್ಕೆ ಹತ್ತಿರ ಹೋಗಿ ನೋಡಿ: ನೀರು ಕೊರೆದು ಕೊರೆದು ಬಂಡೆಯ ಸೊಂಟದಲ್ಲಿ ಆಳವಾದ ಕಚ್ಚು ಬಿದ್ದಿರುತ್ತದೆ. ಅದರ ಅಂಚಿಗೆ ಸಿಂಪಿಗಳು ಅಂಟಿಕೊಂಡಿರುತ್ತವೆ. ಅವು ಬ್ಲೇಡಿನಷ್ಟು ಹರಿತ, ಕೈಯೂರಬೇಡಿ. ಈಜು ಬಾರದವರು ಸ್ಥಳೀಯರು ಹುಟ್ಟು ಹಾಕುವ ಬಿದಿರಿನ ದೋಣಿಯಲ್ಲಿ ಕೂತರೆ ಇದೆಲ್ಲ ಇನ್ನೂ ಚೆನ್ನಾಗಿ ಕಾಣುತ್ತದೆ.

ರಾತ್ರಿ ಊಟದ ಮೇಲೆ ಗಾಳ ಹಾಕಿ ಸ್ಕ್ವಿಡ್ (ಬೊಂಡಾಸ್) ಹಿಡಿಯುವ ಆಟ ಇರುತ್ತದೆ, ಸಿಗುವುದು ಅಪರೂಪ. ಅದರ ಬದಲು ಬೇಗ ಮಲಗಿ ಬೆಳಿಗ್ಗೆ ಐದೂವರೆಗೆ ಡೆಕ್ಕಿಗೆ ಬನ್ನಿ. ಉಳಿದ ಹಡಗುಗಳು ಎಂಜಿನ್ ಶುರು ಮಾಡುವ ಮೊದಲಿನ ಆ ಒಂದು ಗಂಟೆ ಇಡೀ ಪ್ರವಾಸದ ಸಾರ. ಒಂಬತ್ತೂವರೆಗೆ ಕೋಣೆ ಖಾಲಿ ಮಾಡಿಸುತ್ತಾರೆ, ಹನ್ನೊಂದೂವರೆಗೆ ದಡ, ಹಾನೊಯ್ ತಲುಪುವಾಗ ಮಧ್ಯಾಹ್ನ ಮೂರೋ ನಾಲ್ಕೋ. ಅಂದೇ ವಾಪಸ್ ವಿಮಾನವಿದ್ದರೆ ರಾತ್ರಿ ಒಂಬತ್ತರ ನಂತರದ್ದನ್ನೇ ಹಿಡಿಯಿರಿ.

ಬಿರುಗಾಳಿಯ ಮುನ್ಸೂಚನೆ ಬಂದರೆ ಬಂದರಿನ ಅಧಿಕಾರಿಗಳು ರಾತ್ರಿ ತಂಗುವುದನ್ನು ನಿಷೇಧಿಸುತ್ತಾರೆ, ಕೆಲವೊಮ್ಮೆ ಹಡಗು ಬಿಡುವುದೇ ಇಲ್ಲ. ಆದೇಶ ಹಿಂದಿನ ಸಂಜೆಯೋ ಅದೇ ಬೆಳಿಗ್ಗೆಯೋ ಬರಬಹುದು. ಆದ್ದರಿಂದ ಹಾ ಲಾಂಗ್ ಅನ್ನು ಪ್ರವಾಸದ ಕೊನೆಗೆ ಇಡದೆ ಮೊದಲ ದಿನಗಳಲ್ಲೇ ಇಟ್ಟು, ಮುಂದೆ ಎರಡು ದಿನ ಸಡಿಲ ಬಿಡಿ. ಹಡಗಿನ ದಿನ ಮುಂದಕ್ಕೆ ಹೋದರೆ ಆ ನಡುವೆ ಹಾನೊಯ್‌ನಿಂದ ದಕ್ಷಿಣಕ್ಕೆ ಎರಡು ಗಂಟೆ ದೂರದ ನಿನ್ ಬಿನ್ ನೋಡಬಹುದು. ಅಲ್ಲಿನ ಟ್ರಾಂಗ್ ಆನ್‌ನಲ್ಲಿ ಇದೇ ಬಗೆಯ ಸುಣ್ಣಕಲ್ಲಿನ ಗುಡ್ಡಗಳು ಸಿಹಿನೀರಿನ ನಡುವೆ ನಿಂತಿವೆ, ಕಡಲಿನ ಅಲೆಯ ಗೊಡವೆ ಅಲ್ಲಿಲ್ಲ.