ಕಾರಣ ಅವರ ಬಾಯಿಂದಲೇ ಬರಲಿ: ಕೋಚಿಂಗ್‌ನಲ್ಲಿ ನನ್ನ ಅನುಭವ

ನಾನು ಹೆಲ್ತ್ ಕೋಚ್. ನನ್ನ ಬಳಿ ಬರುವವರಿಗೆ ಏನು ಮಾಡಬೇಕು ಅನ್ನುವುದು ಹೆಚ್ಚುಕಡಿಮೆ ಗೊತ್ತೇ ಇರುತ್ತದೆ. ಸಿಗರೇಟು ಬಿಡಬೇಕು, ಬೇಗ ಮಲಗಬೇಕು, ದಿನಾ ನಡೆಯಬೇಕು, ಮಾತ್ರೆ ತಪ್ಪಿಸಬಾರದು. ಡಾಕ್ಟರು ಹೇಳಿರುತ್ತಾರೆ, ಮನೆಯವರು ಹೇಳಿ ಹೇಳಿ ಸಾಕಾಗಿರುತ್ತಾರೆ. ಅದನ್ನೇ ನಾನೂ ಇನ್ನೊಂದು ಸಲ ಹೇಳಿದರೆ ಏನು ಬಂತು? ಹಾಗಾಗಿ ಮೊದಲ ಭೇಟಿಯಲ್ಲಿ ನಾನು ಸಲಹೆ ಕೊಡುವುದಿಲ್ಲ. ಬದಲಾಗಲು ಅವರಿಗೆ ಇರುವ ಕಾರಣ ಅವರ ಬಾಯಿಂದಲೇ ಬರುವ ತನಕ ಕಾಯುತ್ತೇನೆ. ನನ್ನ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಇದೇ.

ಈ ದಾರಿ ಹಾಕಿಕೊಟ್ಟವರು ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ. ಕುಡಿತದ ಸಮಸ್ಯೆ ಇರುವವರ ಜೊತೆ ಹೇಗೆ ಮಾತಾಡಬೇಕು ಅಂತ ಅವರು 1983ರಲ್ಲಿ ಬರೆದರು. ಮುಂದೆ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಅದನ್ನು ಬೆಳೆಸಿದರು. ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಅಂತ ಅದಕ್ಕೆ ಹೆಸರು. ಅದರ ಒಳಗಿನ ಮಾತು ಸರಳ. ಬದಲಾಗಬೇಕು ಅನ್ನುವವರ ಮನಸ್ಸಿನಲ್ಲಿ ಬೇಕು, ಬೇಡ ಎರಡೂ ಒಟ್ಟಿಗೇ ಇರುತ್ತವೆ. ನಾವು 'ಬೇಕು' ಕಡೆ ನಿಂತು ವಾದ ಶುರು ಮಾಡಿದರೆ, ಅವರ ಪಾಲಿಗೆ ಉಳಿಯುವುದು 'ಬೇಡ' ಮಾತ್ರ. "ಸಿಗರೇಟು ಒಳ್ಳೇದಲ್ಲ" ಅಂದು ನೋಡಿ. "ಗೊತ್ತು, ಆದರೆ ಕೆಲಸದ ಟೆನ್ಷನ್ ಎಷ್ಟಿದೆ ಅಂದರೆ..." ಅಂತ ಮಾತು ಶುರುವಾಗುತ್ತದೆ. ಹಾಗೆ ಹೇಳುತ್ತಾ ಹೇಳುತ್ತಾ, ಬಿಡಲು ಆಗುವುದಿಲ್ಲ ಅಂತ ಅವರು ತಮ್ಮನ್ನು ತಾವೇ ಒಪ್ಪಿಸಿಕೊಂಡುಬಿಡುತ್ತಾರೆ. ಯಾರಿಗಾದರೂ ತಮ್ಮ ಮಾತಿನ ಮೇಲೇ ನಂಬಿಕೆ ಜಾಸ್ತಿ, ಅಲ್ವಾ?

ನಾನು ತುಂಬಾ ಬಳಸುವುದು ಸೊನ್ನೆಯಿಂದ ಹತ್ತರ ಅಳತೆ. "ಈ ಬದಲಾವಣೆ ನಿಮಗೆ ಎಷ್ಟು ಮುಖ್ಯ? ಒಂದು ಅಂಕ ಹೇಳಿ." 4 ಅಂದರು ಅಂತ ಇಟ್ಟುಕೊಳ್ಳಿ. "ಯಾಕೆ 8 ಅಲ್ಲ?" ಅಂತ ಕೇಳಬಾರದು. ಕೇಳಿದರೆ ಆಗದಿರುವುದಕ್ಕೆ ಕಾರಣಗಳ ಸಾಲೇ ಬರುತ್ತದೆ. ನಾನು ಕೇಳುವುದು, "ಯಾಕೆ 2 ಅಲ್ಲ, 4?" ಅಂತ. ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಅವರು ತಮಗೆ ಅದು ಯಾಕೆ ಬೇಕು ಅನ್ನುವುದನ್ನೇ ಹೇಳಬೇಕಾಗುತ್ತದೆ.

ಕೇಳಿದ ಮೇಲೆ ಸುಮ್ನಿರುತ್ತೇನೆ. ತಡವಾದರೂ ನಡುವೆ ಬಾಯಿ ಹಾಕುವುದಿಲ್ಲ. ರಾತ್ರಿ ಬಹಳ ಹೊತ್ತು ಫೋನ್ ನೋಡುತ್ತಾ ನಿದ್ದೆ ಕೆಡಿಸಿಕೊಂಡಿದ್ದ ಒಬ್ಬರು 3 ಅಂದಿದ್ದರು. "1 ಯಾಕಲ್ಲ?" ಅಂದೆ. ನಿದ್ದೆ, ಬಿಪಿ ಅಂತೆಲ್ಲ ಹೇಳಬಹುದು ಅಂದುಕೊಂಡಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರು ಹೇಳಿದ್ದು, "ಬೆಳಿಗ್ಗೆ ಮಕ್ಕಳ ಮೇಲೆ ಸುಮ್ಸುಮ್ನೆ ರೇಗುತ್ತೇನೆ. ಆ ಅಮ್ಮ ನಾನಲ್ಲ." ಇಂಥ ಕಾರಣವನ್ನು ಹೊರಗಿನಿಂದ ಯಾರೂ ತಂದುಕೊಡಲು ಆಗುವುದಿಲ್ಲ. ಅದನ್ನು ಅವರ ಮಾತಿನಲ್ಲೇ, ಒಂದಕ್ಷರ ತಿದ್ದದೆ ಬರೆದಿಟ್ಟುಕೊಂಡೆ. ಮುಂದೆ ಅವರ ಹುಮ್ಮಸ್ಸು ಕುಗ್ಗಿದಾಗಲೆಲ್ಲ ಅದನ್ನೇ ಓದಿ ಹೇಳಿದೆ. ನನ್ನ ಪ್ರೋತ್ಸಾಹದ ಮಾತು ಅದರ ಮುಂದೆ ಏನೂ ಅಲ್ಲ.

ಹಾಗಂತ ಮಾಹಿತಿ ಕೊಡಲೇಬಾರದು ಅಂತಲ್ಲ. ಮೊದಲು ಅವರಿಗೆ ಏನು ಗೊತ್ತಿದೆ ಕೇಳುತ್ತೇನೆ. "ಇನ್ನೊಂದೆರಡು ವಿಷಯ ಹೇಳಲಾ?" ಅಂತ ಒಪ್ಪಿಗೆ ಪಡೆಯುತ್ತೇನೆ. ಹೇಳಿದ ಮೇಲೆ "ನಿಮಗೇನನ್ನಿಸುತ್ತೆ?" ಅಂತ ಅವರಿಗೇ ಬಿಡುತ್ತೇನೆ. ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸಿದ್ಧಾಂತದ ಪ್ರಕಾರ ಹುಮ್ಮಸ್ಸು ಒಳಗಿನಿಂದ ಬರಬೇಕಾದರೆ ಮನುಷ್ಯನಿಗೆ ಮೂರು ಬೇಕು: ಇದು ನನ್ನದೇ ಆಯ್ಕೆ ಅನ್ನುವ ಭಾವನೆ, ಇದು ನನ್ನ ಕೈಲಾಗುತ್ತದೆ ಅನ್ನುವ ಧೈರ್ಯ, ಜೊತೆಗೆ ಯಾರೋ ಇದ್ದಾರೆ ಅನ್ನುವ ನೆಮ್ಮದಿ. ಹೆದರಿಕೆಯಿಂದಲೋ ನಾಚಿಕೆಯಿಂದಲೋ ಶುರು ಮಾಡಿದ್ದು ಹೆದರಿಸುವವರು ಎದುರಿಗಿರುವ ತನಕ ಮಾತ್ರ ನಡೆಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಕಾರಣ ಸಿಕ್ಕ ಮೇಲೆ ಪ್ಲಾನ್. ಇಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಅವರ 'ಹೀಗಾದಾಗ ಹೀಗೆ ಮಾಡುತ್ತೇನೆ' ಅನ್ನುವ ಕ್ರಮ ಬಳಸುತ್ತೇನೆ. "ಇನ್ನು ಫೋನ್ ಕಮ್ಮಿ ಮಾಡ್ತೀನಿ" ಅನ್ನುವುದು ಆಸೆ ಅಷ್ಟೇ. "ರಾತ್ರಿ ಹಲ್ಲುಜ್ಜಿದ ಕೂಡಲೇ ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕುತ್ತೇನೆ" ಅಂದರೆ ಯಾವಾಗ, ಎಲ್ಲಿ, ಏನು ಎಲ್ಲವೂ ಬಂತು. ಆಮೇಲೆ ಮತ್ತೆ ಅದೇ ಅಳತೆ: "ಇದು ನಿಮ್ಮಿಂದ ಆಗುತ್ತೆ ಅನ್ನುವ ನಂಬಿಕೆ ಎಷ್ಟು?" 7ಕ್ಕಿಂತ ಕಮ್ಮಿ ಬಂದರೆ ಪ್ಲಾನನ್ನೇ ಚಿಕ್ಕದು ಮಾಡುತ್ತೇವೆ. ದಿನಾ ಬೇಡ, ವಾರದಲ್ಲಿ ಮೂರು ರಾತ್ರಿ ಸಾಕು.

21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಅಂತ ಕೇಳಿಕೊಂಡು ಬರುವವರು ಬಹಳ ಜನ. 22ನೇ ದಿನವೂ ಕಷ್ಟ ಅನ್ನಿಸಿದಾಗ ತಮ್ಮಲ್ಲೇ ಏನೋ ಕೊರತೆ ಇದೆ ಅಂದುಕೊಳ್ಳುತ್ತಾರೆ. ಪಾಪ ಅನ್ನಿಸುತ್ತದೆ. ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ ನೋಡಿದ್ದರು. ಒಂದು ಕೆಲಸ ತನ್ನಷ್ಟಕ್ಕೇ ಆಗುವ ಹಂತಕ್ಕೆ ಬರಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಬೇಕು ಅಂತ, ಆ 12 ವಾರದ ಲೆಕ್ಕವನ್ನೇ ಮುಂದಕ್ಕೆ ಎಳೆದು ಅವರು ಮಾಡಿದ ಅಂದಾಜು. ನಡುವಿನ ಅಂಕಿ 66. ಒಂದು ದಿನ ತಪ್ಪಿದ್ದರಿಂದ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ ಅನ್ನುವುದೂ ಅಲ್ಲಿ ಕಂಡುಬಂತು. ಇದನ್ನು ನಾನು ಎಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ.

ಯಾಕೆಂದರೆ ತಪ್ಪುವ ದಿನ ಬಂದೇ ಬರುತ್ತದೆ. ಅಲನ್ ಮಾರ್ಲಾಟ್ ಎಂಬ ಸಂಶೋಧಕ ಇದನ್ನು ಚೆನ್ನಾಗಿ ವಿವರಿಸಿದ್ದರು. ಒಂದು ಸಿಗರೇಟು ಸೇದಿದ್ದಕ್ಕಿಂತ, "ನನ್ನ ಕೈಲಿ ಆಗಲ್ಲ, ಎಲ್ಲಾ ಮುಗಿದುಹೋಯ್ತು" ಅನ್ನುವ ಯೋಚನೆಯೇ ಮತ್ತೆ ಹಳೆಯ ದಾರಿಗೆ ಎಳೆಯುತ್ತದೆ. ಆದ್ದರಿಂದ ನಾವು ಮೊದಲೇ ಒಂದು ಒಪ್ಪಂದ ಮಾಡಿಕೊಂಡಿರುತ್ತೇವೆ: ತಪ್ಪಿದ ದಿನ ನನಗೆ ಒಂದು ಮೆಸೇಜ್ ಬರಬೇಕು. ನಾನು "ಯಾಕೆ ಹೀಗೆ ಮಾಡಿದಿರಿ?" ಅಂತ ಕೇಳುವುದಿಲ್ಲ. "ಆ ದಿನ ಏನೇನು ನಡೆಯಿತು?" ಅಂತ ಕೇಳುತ್ತೇನೆ. ಆ ತಾಯಿ ಒಂದು ವಾರ ಪೂರ್ತಿ ಫೋನ್ ಹಿಡಿದುಕೊಂಡೇ ಮಲಗಿದ್ದರು. ಕೂತು ನೋಡಿದಾಗ ಗೊತ್ತಾಯಿತು, ಇಡೀ ದಿನದಲ್ಲಿ ಅವರಿಗೆ ಅಂತ ಸಿಗುತ್ತಿದ್ದ ಹೊತ್ತು ಅದೊಂದೇ. ಅದನ್ನು ಕಿತ್ತುಕೊಳ್ಳುವ ಪ್ಲಾನ್ ಹೇಗೆ ನಿಲ್ಲುತ್ತದೆ? ಸಂಜೆ ಅರ್ಧ ಗಂಟೆ ಅವರಿಗೇ ಮೀಸಲಿಡುವ ವಿಚಾರ ಅವರೇ ತಂದರು. ಗಂಡನ ಜೊತೆ ಮಾತಾಡಿದ್ದೂ ಅವರೇ. ಆಮೇಲೆ ಫೋನ್ ಹಾಲ್‌ಗೆ ಹೋಯಿತು.

ಮನೆಯವರಿಗೆ ನಾನು ಕೇಳಿಕೊಳ್ಳುವುದು ಒಂದೇ: ಕಾವಲು ಕಾಯಬೇಡಿ. ಇನ್ನು ಕುಡಿತದ ಚಟ ಗಟ್ಟಿಯಾಗಿದ್ದರೆ, ಖಿನ್ನತೆಯ ಲಕ್ಷಣ ಕಂಡರೆ ಮೊದಲು ಡಾಕ್ಟರ ಬಳಿಗೇ ಕಳಿಸುತ್ತೇನೆ. ವರ್ಷಗಟ್ಟಲೆ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು. ಅದು ಕೋಚಿಂಗ್‌ನಿಂದ ಆಗುವ ಕೆಲಸವಲ್ಲ.

ಭೇಟಿಗಳನ್ನು ನಿಧಾನಕ್ಕೆ ದೂರ ಮಾಡುತ್ತಾ ಹೋಗುತ್ತೇನೆ. ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಅಷ್ಟು ಹೊತ್ತಿಗೆ ಪ್ಲಾನ್ ಮಾಡುವುದು, ತಿದ್ದುವುದು ಎಲ್ಲವೂ ಅವರದ್ದೇ ಆಗಿರಬೇಕು. ಕೊನೆಯ ಭೇಟಿಗಳಲ್ಲಿ ನಾನು ಕೇಳುವುದು ಇಷ್ಟೇ: "ಮುಂದಿನ ಕಷ್ಟದ ವಾರ ಯಾವಾಗ ಬರಬಹುದು? ಆಗ ಏನು ಮಾಡುತ್ತೀರಿ?" ಉತ್ತರವನ್ನು ಅವರೇ ಬರೆದುಕೊಳ್ಳುತ್ತಾರೆ.